ಟೋಕನ್ ಯಂತ್ರದವರಿಗೆ ವಿಮೆಯಿಲ್ಲದ ತಲೆಯೊಂದರ ಮನವಿ

ಆಸ್ಪತ್ರೆಯ ಮುಂಬಾಗಿಲಿನ ಎಡಕ್ಕೆ, ಕುಡಿಯುವ ನೀರಿನ ನಲ್ಲಿಗೂ ಗಾಲಿಕುರ್ಚಿಗಳ ಸಾಲಿಗೂ ನಡುವೆ, ದಿನವಿಡೀ ನಿಂತೇ ಸೇವೆ ಸಲ್ಲಿಸುತ್ತಿರುವ ಟೋಕನ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಮಂಗಳವಾರ ತಮ್ಮ ಬಾಯಿಂದ ಕಾಗದ ಅರ್ಧ ಹೊರಬಂದು ಸಿಕ್ಕಿಕೊಂಡಾಗ ಬಾಗಿಲ ಕಾವಲುಗಾರರು ತಮ್ಮ ಬೆನ್ನಿಗೆ ಎರಡು ಗುದ್ದು ಕೊಟ್ಟಿದ್ದನ್ನು ಕಣ್ಣಾರೆ ಕಂಡು ಮರುಕಪಟ್ಟೆ. ಆದರೆ ಆ ಎರಡೇ ಗುದ್ದಿಗೆ ಸಂಪೂರ್ಣ ಗುಣವಾಗಿ ತಾವು ಮತ್ತೆ ಕೆಲಸಕ್ಕೆ ನಿಂತದ್ದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನಾನು ಎಂಟು ತಿಂಗಳಿಂದ ಬಂದು ಹೋಗುತ್ತಿರುವ ಆ ಕಟ್ಟಡದಲ್ಲಿ ಅಷ್ಟು ಬೇಗ ಚಿಕಿತ್ಸೆ ಸಿಕ್ಕಿದ್ದು ತಮಗೊಬ್ಬರಿಗೇ.

ನಾನು ಯಾರೆಂದು ತಮಗೆ ಗುರುತು ಹತ್ತಲಿಕ್ಕಿಲ್ಲ, ಏಕೆಂದರೆ ತಮಗೆ ನನ್ನ ಮುಖದ ಪರಿಚಯವಿಲ್ಲ, ತೋರುಬೆರಳಿನದು ಮಾತ್ರ ಇದೆ. ತಮ್ಮ ಎದೆಯ ಮೇಲೆ ಎರಡು ಬಟನ್‌ಗಳಿವೆ. ಹಸಿರು ಬಟನ್ ಕೆಳಗೆ 'ವಿಮೆ ಇರುವವರು' ಎಂದಿದೆ, ಬೂದು ಬಟನ್ ಕೆಳಗೆ 'ಇತರೆ' ಎಂದಿದೆ. ಹಸಿರು ಬಟನ್ ಇಂದಿಗೂ ಮದುಮಗಳಂತೆ ಹೊಳೆಯುತ್ತಿದೆ, ಬೂದು ಬಟನ್ನಿನ ಮೇಲೆ ಬೆರಳು ತಾಗಿ ತಾಗಿ ಗುಳಿ ಬಿದ್ದಿದೆ. ಆ ಗುಳಿಯಲ್ಲಿ ನನ್ನ ಪಾಲೂ ಸಾಕಷ್ಟಿದೆ. ಈ ಪತ್ರ ಬರೆಯುತ್ತಿರುವ 'ಇತರೆ'ಯವಳು ನಾನೇ.

ವೃತ್ತಿಯಿಂದ ನಾನು ಬಟ್ಟೆ ಕತ್ತರಿಸುವವಳು. ದರ್ಜಿ ಅಂಗಡಿ ಎಂದ ಕೂಡಲೇ ಎಲ್ಲರಿಗೂ ಹೊಲಿಗೆ ಮಿಷಿನ್ ನೆನಪಾಗುತ್ತದೆಯೇ ಹೊರತು ಕಟಿಂಗ್ ಮೇಜು ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ಒಂದೆರಡು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಅಂಗಡಿಯಲ್ಲಿ ಮಿಷಿನ್‌ಗಳು ಆರು, ಮೇಜು ಒಂದೇ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿ ತಪ್ಪಿದರೆ ಬಟ್ಟೆಗೆ ಕ್ಷಮೆ ಕೇಳಿ ಒರೆಸುವ ಅರಿವೆ ಮಾಡಿಕೊಳ್ಳಬೇಕು. ಆ ಮೇಜಿನ ಮುಂದೆ ನಾನು ಇಪ್ಪತ್ತೆರಡು ವರ್ಷ ನಿಂತಿದ್ದೇನೆ. ಗಿರಾಕಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವರ ಭುಜ ಎಷ್ಟು, ಯಾವ ಭುಜ ಕೆಳಗೆ, ಹೊಟ್ಟೆ ಒಳಗೆಳೆದುಕೊಂಡಿದ್ದಾರೋ ಬಿಟ್ಟಿದ್ದಾರೋ ಎಂದು ಟೇಪು ಮುಟ್ಟದೆ ಹೇಳುತ್ತಿದ್ದೆ. 'ಹೇಳುತ್ತಿದ್ದೆ' ಎಂದು ಬರೆಯುವಾಗ ಕೈ ತಡೆಯಿತು, ಆದರೂ ಬರೆದಿದ್ದೇನೆ.

ಎರಡೂವರೆ ವರ್ಷದ ಹಿಂದೆ ನನ್ನ ತಲೆ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಎಡಗಣ್ಣಿನ ಹಿಂದಿನಿಂದ ನೋವು ಹೊರಡುತ್ತದೆ, ಅದಕ್ಕಿರುವಷ್ಟು ಸಮಯಪ್ರಜ್ಞೆ ನಮ್ಮ ಅಂಗಡಿಯಲ್ಲಿ ಮತ್ತಾರಿಗೂ ಇಲ್ಲ. ನೋವನ್ನಾದರೂ ಹಲ್ಲು ಕಚ್ಚಿ ತಡೆದುಕೊಳ್ಳಬಹುದು. ಅದರ ಬೆನ್ನಿಗೇ ಬರುವ ಮಬ್ಬು ಇದೆಯಲ್ಲ, ಅದನ್ನು ಏನೆಂದು ತಡೆಯುವುದು? ಕಾಲರಿನೊಳಗೆ ಹಾಕುವ ದಪ್ಪ ಕ್ಯಾನ್ವಾಸನ್ನು ಯಾರೋ ತಲೆಯೊಳಗೆ ತುಂಬಿ ಹೊಲಿಗೆ ಹಾಕಿಬಿಟ್ಟ ಹಾಗೆ. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಆದರೆ ಕಂಡದ್ದೂ ಕೇಳಿದ್ದೂ ಒಳಗೆ ಹೋಗಿ ಸೇರಬೇಕಾದ ಜಾಗ ಸೇರುವುದಿಲ್ಲ. ಇಪ್ಪತ್ತೆರಡು ವರ್ಷ ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಒಂದು ಮಧ್ಯಾಹ್ನ ಬಾಯಿಗೆ ಬಾರದೆ, ಪಕ್ಕದ ಮಿಷಿನ್ನಿನವರಿಗೆ "ಅದು ಕೊಡಪ್ಪಾ, ಅದೇ, ಬಟ್ಟೆ ತಿನ್ನೋದು" ಎಂದೆ. ಅವರು ಹೊಲಿಯುವ ವೇಗಕ್ಕೆ ನಾವೆಲ್ಲ ಅವರನ್ನು ಸರಸರ ಎಂದೇ ಕರೆಯುವುದು, ಎರಡು ಮಕ್ಕಳ ತಂದೆ, ನನ್ನನ್ನು ಅಕ್ಕ ಎನ್ನುತ್ತಾರೆ. ಕತ್ತರಿ ಎತ್ತಿಕೊಟ್ಟರು. ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಅಳತೆಗಳು ಹೋದವು. ಸೊಂಟದಿಂದ ಟೇಪು ಬಿಡಿಸಿ ಪುಸ್ತಕದ ಕಡೆ ತಿರುಗುವಷ್ಟರಲ್ಲಿ ಅಂಕಿ ಆವಿಯಾಗಿರುತ್ತಿತ್ತು. ಒಬ್ಬ ಮಹನೀಯರ ಸೊಂಟವನ್ನು ಮೂರು ಸಲ ಸುತ್ತಿದ ಮೇಲೆ ಅವರೇ ಕನಿಕರದಿಂದ "ಮೂವತ್ತೆಂಟಮ್ಮಾ" ಎಂದರು. ನಾನು ಅದನ್ನು ಶ್ರದ್ಧೆಯಿಂದ ಕುತ್ತಿಗೆಯ ಕಾಲಮಿನಲ್ಲಿ ಬರೆದುಕೊಂಡೆ, ಅಷ್ಟೇ ಶ್ರದ್ಧೆಯಿಂದ ಮೂವತ್ತೆಂಟು ಅಂಗುಲದ ಕಾಲರ್ ಕತ್ತರಿಸಿದೆ. ಆ ಕಾಲರಿನೊಳಗೆ ಆ ಮಹನೀಯರು, ಅವರ ಧರ್ಮಪತ್ನಿ, ಜೊತೆಗೆ ಒಂದು ಮಗು ಆರಾಮವಾಗಿ ತಲೆ ತೂರಿಸಬಹುದಿತ್ತು. ಮಾಲೀಕರು ಅದನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿ, ಮಡಿಸಿ, ಮೇಜಿನ ಮೇಲಿಟ್ಟು, ಬೈಯದೆ ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ತರುತ್ತೇನೆ: "ನೋಡಮ್ಮಾ, ನಿನ್ನ ತಲೆಗೆ ಏನಾಗಿದೆ ಅಂತ ಡಾಕ್ಟರ ಕೈಲಿ ಒಂದು ಕಾಗದ ಬರೆಸ್ಕೊಂಡು ಬಾ. ಕಾಯಿಲೆ ಅಂತ ಇದ್ರೆ ವಾಸಿ ಆಗೋವರೆಗೂ ಮೇಜು ನಿಂದೇ, ನಾನು ಕಾಯ್ತೀನಿ. ಕಾಯಿಲೆ ಇಲ್ಲ ಅಂದ್ರೆ ಅದು ಉಡಾಫೆ. ಉಡಾಫೆಗೆ ಮೇಜು ಕೊಡಕ್ಕಾಗಲ್ಲ, ಗುಂಡಿ ಹಚ್ಚೋಕೆ ಕೂತ್ಕೋ."

ನ್ಯಾಯವಾದ ಮಾತು. ಆ ಒಂದು ಕಾಗದಕ್ಕಾಗಿಯೇ, ಮಾನ್ಯರೇ, ನಾನು ತಮ್ಮ ಬೂದು ಬಟನ್ನಿಗೆ ಶರಣು ಬಂದದ್ದು.

ಹಸಿರು ಬಟನ್ ಏಕೆ ಒತ್ತಬಾರದು ಎಂದು ತಾವು ಕೇಳಬಹುದು. ನಮ್ಮ ಮಾಲೀಕರು ವಿಶಾಲ ಹೃದಯದವರು, ಕೆಲಸಕ್ಕೆ ಸೇರಿದ ದಿನವೇ "ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ, ಮನೆಯೊಳಗೆ ಕಾಗದ-ಪತ್ರ ಯಾಕೆ?" ಎಂದು ಕಾಗದವನ್ನೂ ಪತ್ರವನ್ನೂ, ಅವುಗಳ ಜೊತೆಗೆ ನಮ್ಮ ವಿಮೆಯನ್ನೂ ಉಳಿಸಿದ್ದರು. ಆದ್ದರಿಂದ ನಾನೇ ಸ್ವಂತಕ್ಕೆ ಒಂದು ವಿಮಾ ಕಂಪನಿಗೆ ಅರ್ಜಿ ಹಾಕಿಕೊಂಡೆ. ಅರ್ಜಿಯಲ್ಲಿ 'ಕಳೆದ ಐದು ವರ್ಷಗಳಲ್ಲಿ ತಮಗೆ ತಲೆನೋವು ಬಂದದ್ದುಂಟೇ?' ಎಂಬ ಪ್ರಶ್ನೆಯಿತ್ತು. ನನ್ನ ಯಜಮಾನರು ಭುಜದ ಮೇಲಿಂದ ಬಗ್ಗಿ ನೋಡಿ, "ಇಲ್ಲ ಅಂತ ಬರಿ, ಯಾರು ಬಂದು ತಲೆ ಬಿಚ್ಚಿ ನೋಡ್ತಾರೆ?" ಎಂದರು. ನಾನು 'ಹೌದು' ಎಂದು ಬರೆದೆ, 'ಕೊನೆಯ ಬಾರಿ ಬಂದದ್ದು ಯಾವಾಗ?' ಎಂಬಲ್ಲಿ 'ಈಗ' ಎಂದು ಬರೆದೆ. ಸುಳ್ಳು ಹೇಳಬಾರದೆಂಬ ಆದರ್ಶಕ್ಕಲ್ಲ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ, ನನ್ನ ಕಾಯಿಲೆಗೆ ಆ ಸೌಲಭ್ಯವಿಲ್ಲ.

ಕಂಪನಿಯವರ ಉತ್ತರ ದಪ್ಪ ಕಾಗದದಲ್ಲಿ ಬಂತು. ನನ್ನ ಪ್ರಾಮಾಣಿಕತೆಯನ್ನು ಎರಡು ಸಾಲು ಹೊಗಳಿ, ಮೂರನೆಯ ಸಾಲಿನಲ್ಲಿ, ಈಗಾಗಲೇ ನೋಯುತ್ತಿರುವ ತಲೆಗೆ ವಿಮೆ ಕೊಡುವುದು ಕಂಪನಿಯ ಪದ್ಧತಿಯಲ್ಲವೆಂದೂ, ಆದರೆ 'ತಲೆ ಮತ್ತು ತಲೆಯಿಂದ ಉದ್ಭವಿಸಬಹುದಾದ ಯಾವುದೇ ತೊಂದರೆಗಳನ್ನು ಹೊರತುಪಡಿಸಿ' ಉಳಿದ ಶರೀರಕ್ಕೆ ಸಂತೋಷದಿಂದ ವಿಮೆ ನೀಡಲು ಸಿದ್ಧರೆಂದೂ ತಿಳಿಸಿದ್ದರು. ಉಳಿದ ಶರೀರವನ್ನು ನಾನು ಆ ದಿನ ಕನ್ನಡಿಯ ಮುಂದೆ ನಿಂತು ಪರಿಶೀಲಿಸಿದೆ. ಮಂಡಿ ಗಟ್ಟಿ, ಹೃದಯ ಗಟ್ಟಿ, ಹಲ್ಲಂತೂ ಕಂಪನಿಯ ನಿಯಮದಂತೆ ತಲೆಗೇ ಸೇರಿತು. ತಲೆಯೊಂದನ್ನು ಮನೆಯಲ್ಲಿ ಬಿಟ್ಟು ಉಳಿದವಳು ಹಸಿರು ಬಟನ್ ಒತ್ತಲು ಬರುವ ವ್ಯವಸ್ಥೆ ಇದ್ದರೆ ದಯಮಾಡಿ ತಿಳಿಸುವುದು. ಅದು ಸಾಧ್ಯವಾಗದಿದ್ದರೆ, ನೋವು ಶುರುವಾಗುವ ಹಿಂದಿನ ದಿನದ ತಾರೀಖಿಗೆ ನನ್ನನ್ನು ಒಂದು ಅರ್ಧ ಗಂಟೆ ವಾಪಸು ಕಳಿಸಿಕೊಟ್ಟರೂ ಆದೀತು, ಸಹಿ ಹಾಕಿ ಬಂದುಬಿಡುತ್ತೇನೆ.

ಮನೆಯಲ್ಲಿ ಹೇಗೆ ನಿಭಾಯಿಸುತ್ತಿದ್ದೇನೆಂಬುದನ್ನೂ ತಿಳಿಸುವುದು ನನ್ನ ಕರ್ತವ್ಯ. ಒದ್ದೆ ಬಟ್ಟೆ, ಕತ್ತಲು ಮಾಡಿದ ಕೋಣೆ, ಔಷಧಿ ಅಂಗಡಿಯವರೇ ವೈದ್ಯರಾಗಿ ಕೊಟ್ಟ ಬಿಳಿ ಮಾತ್ರೆ, ಅದು ಹೊಟ್ಟೆ ಉರಿಸಿದಾಗ ಅವರೇ ಕೊಟ್ಟ ಗುಲಾಬಿ ಮಾತ್ರೆ. ಯಜಮಾನರು ಮನೆಗಳಿಗೆ ಬಣ್ಣ ಹೊಡೆಯುವವರು. ಬಣ್ಣದ ವಾಸನೆಗೆ ನನ್ನ ತಲೆ ಸಿಡಿಯುತ್ತದೆಂದು ತಿಳಿದಾಗಿನಿಂದ ಕೆಲಸದ ಬಟ್ಟೆಯನ್ನು ಮೆಟ್ಟಿಲ ಮೇಲೇ ಕಳಚಿಟ್ಟು, ಬನಿಯನ್ನಿನಲ್ಲಿ ಒಳಗೆ ಬರುತ್ತಾರೆ. ಕೆಳಮನೆಯವರು ಮೂಗು ಮುರಿದರೂ ಕೇರ್ ಮಾಡಿಲ್ಲ. ನಾನು ಎರಡು ಸಲ ಗ್ಯಾಸ್ ಆರಿಸಲು ಮರೆತ ಮೇಲೆ ಅಡುಗೆಮನೆಯ ಗೋಡೆಯ ಮೇಲೆ ಉಳಿದ ನೀಲಿ ಬಣ್ಣದಲ್ಲಿ, ಅಂಗಡಿ ಬೋರ್ಡಿನಷ್ಟು ಚೆಂದದ ಅಕ್ಷರಗಳಲ್ಲಿ 'ಆರಿಸಿದೆಯಾ?' ಎಂದು ಬರೆದರು. ಬಾಗಿಲ ಮೇಲೆ 'ಬೀಗ?' ಎಂದು ಬರೆದರು. ಕನ್ನಡಿಯ ಮೇಲೆ ಏನು ಬರೆಯಬೇಕೆಂದು ತೋಚದೆ ಬಿಟ್ಟರು. ಇಷ್ಟೆಲ್ಲ ಸರಿ, ಆದರೆ ಇತ್ತೀಚೆಗೆ ಅವರು ನನ್ನ ಜೊತೆ ನಿಧಾನವಾಗಿ ಮಾತಾಡಲು ಶುರು ಮಾಡಿದ್ದಾರೆ. ಒಂದೊಂದೇ ಪದ, ನಡುವೆ ನಿಲ್ಲಿಸಿ, ತೀರಾ ವಯಸ್ಸಾದವರ ಜೊತೆ ಮಾತಾಡುವಂತೆ. ಪ್ರೀತಿಯಿಂದಲೇ ಮಾಡುತ್ತಾರೆ. ಅದು ತಲೆನೋವಿಗಿಂತ ಹೆಚ್ಚು ನೋಯುತ್ತದೆ.

ಎಲ್ಲಿದ್ದೆ? ಹೌದು, ತಮ್ಮ ಗುಣಗಾನದಲ್ಲಿ.

ಆ ಕಟ್ಟಡದಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳುವವರು ತಾವು ಮಾತ್ರ. ಹಸಿರೋ ಬೂದೋ, ಅಷ್ಟೇ. ಚೀಟಿ ಕೌಂಟರಿನ ಅಮ್ಮನವರು ಅದೇ ಪ್ರಶ್ನೆಯನ್ನು ನಾಲ್ಕು ವಿಧದಲ್ಲಿ ಕೇಳುತ್ತಾರೆ, ನಾನು ನಾಲ್ಕು ವಿಧದಲ್ಲಿ ಇಲ್ಲವೆನ್ನುತ್ತೇನೆ. ತಾವು ಹುಬ್ಬೇರಿಸುವುದಿಲ್ಲ, ನಿಟ್ಟುಸಿರು ಬಿಡುವುದಿಲ್ಲ, "ಅಯ್ಯೋ, ಇಷ್ಟು ವರ್ಷ ಕೆಲಸ ಮಾಡಿದೀರಾ, ಒಂದು ವಿಮೆ ಮಾಡಿಸ್ಕೋಬಾರದಿತ್ತಾ?" ಎಂದು ಬುದ್ಧಿ ಹೇಳುವುದಿಲ್ಲ. ಕೇಳಿದ ಕೂಡಲೇ ಕೊಡುತ್ತೀರಿ, ಅದೂ ಬೆಚ್ಚಗಿನ ಕಾಗದ. ಚಳಿಯ ಬೆಳಿಗ್ಗೆ ಆ ಕಾಗದವನ್ನು ಹುಬ್ಬಿನ ಮೇಲೆ ಒತ್ತಿಕೊಂಡರೆ ಒಂದು ಕ್ಷಣ ಹಿತವಾಗುತ್ತದೆ. ಆಸ್ಪತ್ರೆಯಿಂದ ನನಗೆ ದೊರೆತ ಮೊದಲ ಚಿಕಿತ್ಸೆ ಅದೇ, ಬಹಳ ಕಾಲ ಏಕೈಕ ಚಿಕಿತ್ಸೆಯೂ ಅದೇ ಆಗಿತ್ತು.

ಇನ್ನು ದೂರು. ಕೋಪಿಸಿಕೊಳ್ಳಬಾರದು, ಹೊಟ್ಟೆಗೆ ಹಾಕಿಕೊಳ್ಳಬೇಕು.

ತಲೆನೋವಿನ ವಿಭಾಗದ ಮುಂದೆ, ಮೂವತ್ತು ತಲೆನೋವುಗಳು ಸಾಲಾಗಿ ಕುಳಿತಿರುವ ಬೆಂಚಿನ ನೆತ್ತಿಯ ಮೇಲೆ, ಕೆಂಪು ಅಂಕಿಗಳನ್ನು ಮಿಣುಕಿಸುತ್ತ ಪ್ರತಿ ಅಂಕಿಗೂ 'ಟಿಣ್' ಎಂದು ಗಂಟೆ ಬಾರಿಸುವ ಏರ್ಪಾಡು ಯಾರ ಯೋಚನೆಯೋ ತಿಳಿಯದು, ಆದರೆ ಆ ಮಹಾನುಭಾವರಿಗೆ ಜೀವನದಲ್ಲಿ ಒಮ್ಮೆಯೂ ತಲೆನೋವು ಬಂದಿಲ್ಲವೆಂದು ಖಂಡಿತ ಹೇಳಬಲ್ಲೆ. ಹಸಿರಿನವರು ಐದು ಜನ ಒಳಗೆ ಹೋದ ಮೇಲೆ ಬೂದಿನವರು ಒಬ್ಬರು. ಇದು ನ್ಯಾಯವೇ ಇರಬಹುದು, ತಕರಾರಿಲ್ಲ. ಆದರೆ ಕರೆದಾಗ ಎದ್ದು ನಿಲ್ಲದಿದ್ದರೆ ನಂಬರು ರದ್ದು ಎಂಬ ನಿಯಮವನ್ನು ಮರೆವಿನ ರೋಗಿಗಳಿಗೂ ಸಮಾನವಾಗಿ ಅನ್ವಯಿಸಿದ ತಮ್ಮ ನಿಷ್ಪಕ್ಷಪಾತವನ್ನು ಏನೆಂದು ಕೊಂಡಾಡಲಿ? ಮೂರನೆಯ ತಿಂಗಳಲ್ಲಿ ಒಂದು ಮಂಗಳವಾರ 'ಇತರೆ, ನಲವತ್ತೇಳು' ಎಂದು ಕರೆ ಬಂತು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಇಡೀ ಬೆಂಚು ಅತ್ತಿತ್ತ ನೋಡಿತು, ನಾನೂ ನೋಡಿದೆ, ಇಷ್ಟು ಹೊತ್ತು ಕಾದು ಈಗ ಎಲ್ಲಿ ಹಾಳಾಗಿ ಹೋದರೋ ಈ ನಲವತ್ತೇಳು ಎಂದು ಪಕ್ಕದವರ ಜೊತೆ ಸೇರಿ ಮನಸಾರೆ ಬೈದೆ. ಹತ್ತು ನಿಮಿಷದ ಮೇಲೆ ಬೆವರೊರೆಸಿಕೊಳ್ಳಲು ಅಂಗೈ ಬಿಚ್ಚಿದಾಗ ಅದರಲ್ಲಿ ನಲವತ್ತೇಳು ಇತ್ತು. ಕೌಂಟರಿನ ಅಮ್ಮನವರು "ನಂಬರ್ ಹೋಯ್ತಲ್ಲಮ್ಮಾ, ಮುಂದಿನ ವಾರ ಬನ್ನಿ" ಎಂದರು. ನಾನು ಹೋಗಿ ಮತ್ತೆ ಬಂದೆ.

ಹೀಗೆ ಬಂದು ಹೋಗಿ ಕಿರಿಯ ವೈದ್ಯರನ್ನು ನಾಲ್ಕು ಸಲ ಕಂಡೆ, ನಾಲ್ಕೂ ಸಲ ಬೇರೆ ಬೇರೆಯವರು. ಒಬ್ಬರು ಕನ್ನಡಕ ಬದಲಿಸಿ ಎಂದರು, ಒಬ್ಬರು ನೀರು ಜಾಸ್ತಿ ಕುಡಿಯಿರಿ ಎಂದರು, ಒಬ್ಬರು ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದರು, ನಾಲ್ಕನೆಯವರು ಚಿಂತೆ ಬಿಡಿ ಎಂದು ಹೇಳಿ, ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತಿತ್ತು, ವಿಮೆ ಇದ್ದಿದ್ದರೆ ನಾಳೆಯೇ ಮಾಡಿಸಬಹುದಿತ್ತು ಎಂದು ನನಗೊಂದು ಹೊಸ ಚಿಂತೆ ಕೊಟ್ಟರು. ವಿಮೆ ಇಲ್ಲದವರಿಗೆ ಸ್ಕ್ಯಾನ್ ಬೇಕೆಂದರೆ ತಲೆಯ ದೊಡ್ಡ ವೈದ್ಯರೇ ಸರಿಯಾದ ಕಾರಣ ಬರೆದು ಸಹಿ ಹಾಕಬೇಕಂತೆ. ಆ ದೊಡ್ಡವರ ಬಾಗಿಲು ನನಗೆ ತೆರೆದದ್ದು ಹೋದ ತಿಂಗಳು. ಅಂದು ನಾನು ನಂಬರನ್ನು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ನನ್ನ ತೋಳಿನ ಮೇಲೇ ದೊಡ್ಡದಾಗಿ ಬರೆದುಕೊಂಡು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ.

ದೊಡ್ಡ ವೈದ್ಯರು ಸಜ್ಜನರು. ನಾಲ್ಕು ನಿಮಿಷದಲ್ಲಿ ಮೂಗು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು, ಕಣ್ಣಿಗೆ ಟಾರ್ಚು ಬಿಟ್ಟರು. ಹೊರಗೆ ಟಿಣ್ ಎನ್ನುತ್ತಿದ್ದ ಗಂಟೆಗೆ ನನ್ನ ಕಣ್ಣು ತಾನಾಗಿಯೇ ಮುಚ್ಚುತ್ತಿದ್ದುದೊಂದನ್ನು ಬಿಟ್ಟು ಎಲ್ಲ ಸರಿಯಾಗಿತ್ತು. "ಎಲ್ಲ ಸರಿ ಇದೆಯಲ್ಲಮ್ಮಾ. ಮರೆವು ಯಾರಿಗಿಲ್ಲ ಹೇಳಿ? ಮೊನ್ನೆ ನಾನೇ ಕಾರಿನ ಕೀ ಮರೆತು ಬಂದೆ" ಎಂದರು. ಕೆಲಸದಲ್ಲಿ ತಪ್ಪುಗಳಾಗುತ್ತಿವೆ ಎಂದೆ. "ತೋರಿಸೋಕೆ ಏನಾದ್ರೂ ಇದೆಯಾ? ಬರೀ ಮಾತಿನ ಮೇಲೆ ಸ್ಕ್ಯಾನಿಗೆ ಬರೆದರೆ ಮೇಲಿನವರು ನನ್ನನ್ನ ಕೇಳ್ತಾರೆ" ಎಂದರು. ಮೂವತ್ತೆಂಟರ ಕಾಲರನ್ನು ಮಾಲೀಕರು ಅಂದೇ ಮಿಷಿನ್ ಒರೆಸಲು ಹಾಕಿದ್ದರು. ತೋರಿಸಲು ನನ್ನ ಹತ್ತಿರ ತಲೆಯೊಂದು ಬಿಟ್ಟು ಏನೂ ಇರಲಿಲ್ಲ.

ವಿಶ್ರಾಂತಿ ಎಂದು ಬರೆಯಲು ಅವರು ಪೆನ್ನು ಎತ್ತಿದರು, ಎತ್ತುತ್ತಲೇ ಮುಖ ಹಿಂಡಿ ಬಲಭುಜ ಹಿಡಿದುಕೊಂಡರು. "ಮೂರು ತಿಂಗಳಾಯ್ತು, ಈ ಭುಜ ಮುಂದಕ್ಕೇ ಬರೋದಿಲ್ಲ. ಹನ್ನೆರಡು ಸಲ ವ್ಯಾಯಾಮ ಚಿಕಿತ್ಸೆ ಆಯ್ತು, ವಿಮೆಯವರು ಇನ್ನೂ ಹನ್ನೆರಡಕ್ಕೆ ಒಪ್ಪಿದ್ದಾರೆ, ಪುಣ್ಯ" ಎಂದರು. ಆಗ ನಾನು ಅವರ ಬಿಳಿ ಕೋಟನ್ನು ನೋಡಿದೆ. ರೋಗಿಯಾಗಿ ಅಲ್ಲ, ಇಪ್ಪತ್ತೆರಡು ವರ್ಷದ ಕಣ್ಣಿನಿಂದ ನೋಡಿದೆ.

ಮಾನ್ಯರೇ, ಇಲ್ಲಿ ನಮ್ಮ ಕೆಲಸದ ಒಂದು ಗುಟ್ಟನ್ನು ಹೇಳಲೇಬೇಕು. ಒಂದೇ ಬಗೆಯ ಹತ್ತಾರು ಅಂಗಿಗಳಿದ್ದಾಗ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ ಒಂದೇ ಏಟಿಗೆ ಕತ್ತರಿಸುತ್ತೇವೆ. ತೋಳು ಕತ್ತರಿಸುವಾಗ ಒಂದು ಪದರದ ಹೊರಮೈ ಮೇಲೆ, ಮುಂದಿನ ಪದರದ ಹೊರಮೈ ಕೆಳಗೆ, ಹೀಗೆ ಮುಖಕ್ಕೆ ಮುಖ ಹಾಸಬೇಕು. ಆಗ ಪ್ರತಿ ಜೋಡಿಯಲ್ಲೂ ಒಂದು ಎಡ, ಒಂದು ಬಲ ಬರುತ್ತದೆ. ಎಲ್ಲ ಪದರಗಳನ್ನೂ ಹೊರಮೈ ಮೇಲೆ ಮಾಡಿ ಹಾಸಿದರೆ ಬರುವುದೆಲ್ಲ ಎಡತೋಳೇ. ಮೊದಲ ವಾರ ಕಲಿಸುವ ಪಾಠ ಇದು. ಅಂದಿಗೆ ಮೂರು ತಿಂಗಳ ಹಿಂದೆ ಆಸ್ಪತ್ರೆಯ ಉಗ್ರಾಣದಿಂದ ಏಳು ಬಿಳಿ ಕೋಟುಗಳ ಕೆಲಸ ಬಂದಿತ್ತು. ಹದಿನಾಲ್ಕು ಪದರ ಹಾಸಿದ್ದೆ, ಹನ್ನೊಂದು ಗಂಟೆ ಹೊಡೆದಿತ್ತು. ಹಾಸಿದ್ದು ನೆನಪಿದೆ, ಕತ್ತರಿಸಿದ್ದು ನೆನಪಿದೆ, ಮಗುಚಿ ಹಾಸಿದೆನೇ ಎಂಬುದು ಮಾತ್ರ ನೆನಪಿಲ್ಲ. ಆ ದೊಡ್ಡ ವೈದ್ಯರ ಬಲಭುಜಕ್ಕೆ ಹೊಲಿದಿದ್ದದ್ದು ಎಡತೋಳು. ಮುಂದಕ್ಕೆ ಬಾಗಬೇಕಾದ ತೋಳು ಹಿಂದಕ್ಕೆ ಬಾಗಿ, ಅವರು ಕೈ ಎತ್ತಿದಾಗಲೆಲ್ಲ ಭುಜವನ್ನು ಹಿಂದಕ್ಕೆ ಜಗ್ಗುತ್ತಿತ್ತು. ಒಂದು ತೋಳಿನ ತಪ್ಪಿಗೆ ಇಪ್ಪತ್ತನಾಲ್ಕು ಬಾರಿ ಚಿಕಿತ್ಸೆ ಮಂಜೂರಾಗಿತ್ತು, ಆ ತಪ್ಪು ಹುಟ್ಟಿದ ತಲೆಗೆ ಒಂದೂ ಇಲ್ಲ.

ಹೇಳಿದರೆ ಮಾತು ಅಂಗಡಿಗೆ ಮುಟ್ಟುತ್ತದೆ, ಮೇಜು ಹೋಗುತ್ತದೆ. ಹೇಳದಿದ್ದರೆ 'ವಿಶ್ರಾಂತಿ' ಎಂಬ ಕಾಗದ ಹಿಡಿದು ಹೋಗಬೇಕು, ಆಗಲೂ ಮೇಜು ಹೋಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿಯೇ ಹೇಳಿದೆನೆಂದು ಬರೆದರೆ ನಾನು ಜಾಣೆಯೆಂದು ತಾವು ತಿಳಿಯಬಹುದು, ಆದರೆ ನಿಜ ಅದಲ್ಲ. ಕೆಟ್ಟ ತೋಳೊಂದನ್ನು ಕಣ್ಣೆದುರು ನೋಡಿಯೂ ಸುಮ್ಮನೆ ಎದ್ದು ಹೋಗುವುದು ನನ್ನ ಕೈಲಾಗಲಿಲ್ಲ, ಅಷ್ಟೇ. "ಡಾಕ್ಟ್ರೇ, ಕೋಟು ಬಿಚ್ಚಿ" ಎಂದೆ. ಅವರು ಬಿಚ್ಚಿದರು. "ಈಗ ಕೈ ಎತ್ತಿ" ಎಂದೆ. ಕೈ ಸೀದಾ ಮೇಲಕ್ಕೆ ಹೋಯಿತು, ಫ್ಯಾನಿನ ಕಡೆಗೆ. ಬಾಗಿಲಲ್ಲಿ ಇಣುಕಿದ ನರ್ಸಮ್ಮ ದೊಡ್ಡ ವೈದ್ಯರು ಕೋಟು ಕಳಚಿ ಬರೀ ಅಂಗಿಯಲ್ಲಿ ಕೈ ಮೇಲೆತ್ತಿ ನಿಂತಿರುವುದನ್ನೂ, ರೋಗಿ ಅವರ ಕುರ್ಚಿಯ ಪಕ್ಕ ನಿಂತು ಕೋಟಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿರುವುದನ್ನೂ ಕಂಡು ಬಾಗಿಲು ಮುಚ್ಚಿಕೊಂಡು ಹೋದರು.

ತಪ್ಪು ನನ್ನದೆಂದು ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ತಪ್ಪು ಮಾಡಿದವಳಲ್ಲ, ಮಾಡಿದ್ದು ಗೊತ್ತೂ ಆಗಲಿಲ್ಲ, ಅದೇ ನನ್ನ ಕಾಯಿಲೆ, ಅದೇ ನಾನು ತೋರಿಸಬಲ್ಲ ಪುರಾವೆ ಎಂದೆ. ಅಳು ಬಂತು, ಅಡಗಿಸಲಿಲ್ಲ. ಅವರು ಬಹಳ ಹೊತ್ತು ಆ ಎರಡು ತೋಳುಗಳನ್ನು ಜೋಡಿಸಿ ನೋಡಿದರು. ಆಮೇಲೆ ಕಾಗದದ ತುಂಬ ಬರೆದರು, ಸಹಿ ಹಾಕಿದರು, ನನ್ನ ಜೊತೆ ಮಾಮೂಲಿ ವೇಗದಲ್ಲಿ ಮಾತಾಡಿದರು. ಸ್ಕ್ಯಾನಿಗೆ ಮಂಜೂರಾತಿ ಸಿಕ್ಕಿತು, ಬೂದು ಬಟನ್ನಿನವಳಿಗೇ.

ಕೋಟು ನನಗಿಂತ ಮೊದಲು ಅಂಗಡಿಗೆ ಹೋಗಿ ಕೂತಿತ್ತು, ಉಗ್ರಾಣದವರ ಚೀಟಿಯ ಸಮೇತ. ಮಾಲೀಕರು ಎರಡು ತೋಳುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿ ನನ್ನನ್ನು ಕರೆದರು. ನಾನು ಪಕ್ಕದ ಮಿಷಿನ್ನಿನ ಸರಸರ ಅವರ ಕಡೆ ನೋಡಿದೆ, ಹೊಲಿಯುವಾಗ ತೋಳು ಕೂರದೆ ಇದ್ದದ್ದು ಅವರ ಕೈಗಾದರೂ ತಿಳಿದಿರಬೇಕಲ್ಲ ಎಂದು. "ತಿಳೀತಕ್ಕಾ" ಎಂದರು ಅವರು, ತಲೆ ತಗ್ಗಿಸಿ. "ನೀವು ಕತ್ತರಿಸಿದ್ದು ಅಂದ್ಮೇಲೆ ತಪ್ಪು ನನ್ನ ಕೈದೇ ಇರ್ಬೇಕು ಅಂದ್ಕೊಂಡೆ. ಎಳೆದೂ ಎಳೆದೂ ಕೂರಿಸಿದೆ." ಮೂವತ್ತೆಂಟರ ಕಾಲರ್ ಆದ ಮೇಲೂ ಆ ಮನುಷ್ಯ ನನ್ನ ಕತ್ತರಿಯನ್ನು ನಂಬಿದ್ದರು. ಆ ಏಟಿನಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ.

ಒಂದೇ ಒಂದು ಬಲತೋಳು ಕತ್ತರಿಸಿಕೊಟ್ಟೆ, ಮಾಲೀಕರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅಂದಿನಿಂದ ಸ್ಕ್ಯಾನಿನ ಕಾಗದ ಬರುವವರೆಗೆ ಎಂದು ನನ್ನನ್ನು ಗುಂಡಿ ಹಚ್ಚಲು ಕಿಟಕಿಯ ಬಳಿ ಕೂರಿಸಿದ್ದಾರೆ. ಮೇಜಿನ ಕೆಲಸ ಅವರೇ ಮಾಡುತ್ತಿದ್ದಾರೆ. ಕತ್ತರಿ ಬಟ್ಟೆಯ ಮೇಲೆ ಹೋಗುವ ಸದ್ದಿಗೇ ಅವರು ಎಲ್ಲಿ ತಡವರಿಸಿದರೆಂದು ನನಗೆ ಗೊತ್ತಾಗುತ್ತದೆ, ನೋಡದಿರಲು ಬಹಳ ಪ್ರಯತ್ನ ಪಡುತ್ತೇನೆ.

ಈಗ ಈ ಪತ್ರದ ನಿಜವಾದ ಬೇಡಿಕೆಗೆ ಬರುತ್ತೇನೆ. ಮುಂದಿನ ಮಂಗಳವಾರ ಮೂರನೆಯ ಮಹಡಿಯಲ್ಲಿ ನನ್ನ ಸ್ಕ್ಯಾನ್. ಅಲ್ಲಿರುವ ದೊಡ್ಡ ಯಂತ್ರದವರು ತಮ್ಮ ಬಂಧುಗಳೇ ಇರಬೇಕೆಂದು ನನ್ನ ಊಹೆ, ಒಂದೇ ಕಟ್ಟಡ, ಒಂದೇ ವೈರು. ಅವರ ಕಿವಿಗೆ ದಯಮಾಡಿ ಒಂದು ಮಾತು ಹಾಕಬೇಕು. ನನ್ನ ತಲೆಯೊಳಗೆ ಏನಾದರೂ ಸಿಗುವ ಹಾಗೆ ನೋಡಿಕೊಳ್ಳಬೇಕು. ದೊಡ್ಡದು ಬೇಡ. ಹೆಸರಿರುವಂಥದ್ದು, ಮಾತ್ರೆ ಇರುವಂಥದ್ದು, ಕಾಗದದ ಮೇಲೆ ಬರೆದರೆ ಒಂದು ಸಾಲಿನಷ್ಟು ಉದ್ದ ಬರುವಂಥದ್ದು ಯಾವುದಾದರೂ ಸಾಕು. ಹೀಗೆ ಕೇಳಲು ನಾಚಿಕೆಯಾಗುತ್ತದೆ. ಏನೂ ಇಲ್ಲವೆಂದು ಬರಲೆಂದು ಯಜಮಾನರು ಹಗಲೂ ರಾತ್ರಿ ಬೇಡಿಕೊಳ್ಳುತ್ತಿರುವುದು ನನಗೆ ಗೊತ್ತು. ನಾನು ಬೇಡುತ್ತಿರುವುದೇನೆಂದು ಅವರಿಗೆ ಹೇಳಿಲ್ಲ. ಏನೂ ಇಲ್ಲವೆಂದು ಬಂದರೆ ಅವರು ಸಂತೋಷದಿಂದ ಅತ್ತುಬಿಡುತ್ತಾರೆ, ಮಾಲೀಕರು ಮೇಜನ್ನು ಬೇರೆಯವರಿಗೆ ಕೊಡುತ್ತಾರೆ, ಆ ಹನ್ನೊಂದು ಗಂಟೆಯ ನೋವು ಮಾತ್ರ ನನ್ನ ಬಳಿಯೇ ಉಳಿಯುತ್ತದೆ, ಮತ್ತೆ ಅದು ಇದೆಯೆಂದು ಹೇಳಲು ನನ್ನ ಬಿಟ್ಟರೆ ಯಾರೂ ಇರುವುದಿಲ್ಲ. ನನಗೆ ಸಾವಿನ ಭಯವಿಲ್ಲವೆಂದಲ್ಲ, ಇದೆ. ಆದರೆ ಆ ಭಯ ಎರಡನೆಯದು.

ಇದೊಂದು ಉಪಕಾರ ಮಾಡಿದರೆ ಬದುಕಿರುವಷ್ಟು ದಿನ ಬೂದು ಬಟನ್ನನ್ನೇ ಒತ್ತುತ್ತೇನೆ, ಹಸಿರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ವಿಶ್ವಾಸವಿಡಲು ಆ ಕಟ್ಟಡದಲ್ಲಿ ಮತ್ತಾರೂ ದೊರೆಯದ ಕಾರಣ,

ತಮ್ಮ ವಿಶ್ವಾಸಿ,
ಸದ್ಯ ಗುಂಡಿ ಹಚ್ಚುತ್ತಿರುವ ಕಟಿಂಗ್ ಮೇಜಿನವಳು

ತಾಜಾಕಲಂ: ದೊಡ್ಡ ವೈದ್ಯರ ಭುಜ ಪೂರ್ತಿ ಗುಣವಾಗಿದೆ. ಅದೇ ಬಗೆಯ ಉಳಿದ ಆರು ಕೋಟುಗಳನ್ನು ತೊಡುತ್ತಿರುವ ಆರು ವೈದ್ಯರಿಗೂ ತೋಳು ಬದಲಿಸಿಕೊಡುತ್ತೇವೆಂದು ಅಂಗಡಿಯಿಂದ ಹೇಳಿ ಕಳಿಸಿದೆವು. ಇದುವರೆಗೆ ಯಾರೂ ಕೋಟು ಕೊಟ್ಟಿಲ್ಲ. ಅವರೆಲ್ಲರ ಭುಜಗಳಿಗೂ ವಿಮೆಯಡಿ ಚಿಕಿತ್ಸೆ ನಡೆಯುತ್ತಿದೆಯಂತೆ, ಮಂಜೂರಾದಷ್ಟು ಮುಗಿಯುವ ಮೊದಲೇ ಗುಣವಾದರೆ ಉಳಿದದ್ದು ದಂಡವಾಗುತ್ತದಂತೆ.